ಕೊಳವೆಗೆ ಹನಿಸುವ ಔಷಧ ಗೇಟಿಗೂ ಆದೀತೆ?

ಪ್ರಶ್ನೆ: ಮಗ ಮುಂಬೈ ಹೈ ತೈಲ ವೇದಿಕೆಯಲ್ಲಿದ್ದಾನೆ. ಕಾರ್ಬನ್ ಡೈಆಕ್ಸೈಡ್‌ನಿಂದ ಕೊಳವೆ ಸವೆಯದಂತೆ ಔಷಧ ಹನಿಸುತ್ತಾರಂತೆ. ಅದನ್ನು ನಮ್ಮ ಮನೆ ಗೇಟಿಗೂ ಹಚ್ಚಬಹುದೇ?
– ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ಒಣ ಕಾರ್ಬನ್ ಡೈಆಕ್ಸೈಡ್ ಉಕ್ಕಿಗೆ ಏನೂ ಮಾಡದು. ತೈಲದ ಜೊತೆ ಬರುವ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾದಾಗಲೇ ಅಪಾಯ. ದುರ್ಬಲ ಆಮ್ಲವೆಂದು ಹಗುರಾಗಿ ಎಣಿಸಬೇಡಿ. ಅಷ್ಟೇ ಪಿಎಚ್ ಇರುವ ಹೈಡ್ರೋಕ್ಲೋರಿಕ್ ಆಮ್ಲಕ್ಕಿಂತ ಇದು ಉಕ್ಕನ್ನು ಹೆಚ್ಚು ತಿನ್ನುತ್ತದೆ.

ಮಗ ಹೇಳಿದ್ದು ಬಹುಶಃ ಇಮಿಡಜೋಲಿನ್ ಜಾತಿಯದು. ಸಾರಜನಕವಿರುವ ಅದರ ತಲೆ ಉಕ್ಕಿಗೆ ಅಂಟುತ್ತದೆ, ಎಣ್ಣೆಗುಣದ ಉದ್ದ ಬಾಲ ಹೊರಚಾಚಿ ನೀರನ್ನು ದೂರವಿಡುತ್ತದೆ, ಕೆಸುವಿನ ಎಲೆಯ ಮೇಲೆ ನೀರು ನಿಲ್ಲದ ಹಾಗೆ. ಹತ್ತು ಲಕ್ಷ ಭಾಗ ದ್ರವಕ್ಕೆ ಕೆಲವು ಹತ್ತು ಭಾಗ ಬೆರೆತರೂ ಸಾಮಾನ್ಯವಾಗಿ ಸಾಕು. ಆದರೆ ಹನಿಸುವುದು ನಿಲ್ಲಬಾರದು. ಹರಿವಿನ ರಭಸಕ್ಕೆ, ಮರಳಿದ್ದರಂತೂ ಇನ್ನೂ ಬೇಗ, ಪದರ ಕಳಚುತ್ತದೆ. ಕೆಲಸದಲ್ಲಿದ್ದಾಗ ನಾನು ಮೊದಲು ವಿಚಾರಿಸುತ್ತಿದ್ದುದೇ ಇದನ್ನು: ‘ರಾತ್ರಿಯಿಡೀ ಪಂಪು ಓಡಿದೆಯೇ?’

ಗೇಟಿಗೆ ಮಾತ್ರ ಇದು ಬೇಡ. ಅದನ್ನು ತಿನ್ನುತ್ತಿರುವುದು ಕಡಲಗಾಳಿಯ ಉಪ್ಪು, ತೇವ, ಆಮ್ಲಜನಕ. ಔಷಧವಾದರೋ ಒಂದೇ ಮಳೆಗೆ ತೊಳೆದುಹೋಗುತ್ತದೆ. ತುಕ್ಕು ಉಜ್ಜಿ, ಸಿಹಿನೀರಲ್ಲಿ ಉಪ್ಪು ತೊಳೆದು (ಇದನ್ನು ಬಿಡಲೇಬೇಡಿ), ಪೂರ್ತಿ ಒಣಗಿಸಿ ಸತುವಿನ ಪ್ರೈಮರ್ ಹಚ್ಚಿಸಿ, ಮೇಲೆ ಎಪಾಕ್ಸಿ ಬಣ್ಣ. ಏಪ್ರಿಲ್ ಒಳಗೆ ಮುಗಿಸಿಬಿಡಿ.