ಆರು ಗಾಳ ಯಾವ ಮೀನಿಗೆ?

ಮಾನ್ಯರೇ,

ಕಡಲತಡಿಯಲ್ಲಿ ಮೀನು ಹಿಡಿಯಲು ಎಷ್ಟು ರಾಡ್, ಎಷ್ಟು ಗಾಳ ಬೇಕು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ.

ನಾಲ್ಕು ರಾಡ್, ಒಂದೊಂದಕ್ಕೆ ಆರು ಗಾಳ ಎನ್ನುತ್ತೀರಿ. ಅಲ್ಲಿಗೆ 24 ಗಾಳ. ಈ ಲೆಕ್ಕ ನಿಮ್ಮದಲ್ಲ ಎಂಬುದು ಎರಡನೇ ಪುಟದಲ್ಲೇ ಗೊತ್ತಾಗುತ್ತದೆ. ಅಲ್ಲಿ ಕಾಡ್ ಮೀನು ಬಂದುಬಿಟ್ಟಿದೆ. ಅದು ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನ ಮೀನು. ಉಡುಪಿ ಬಳಿಯ ಕೋಡಿ ಬೆಂಗ್ರೆಯ ಕಲ್ಲಿನ ಮೇಲೆ ಕುಳಿತು ಅದಕ್ಕಾಗಿ ಕಾದರೆ ನಿಮ್ಮ ಮೊಮ್ಮಕ್ಕಳೂ ಬಂದು ಕಾಯಬೇಕಾದೀತು. ಖಾಲಿ ಮರಳದಂಡೆಯಲ್ಲಿ ರಾಡ್‌ಗಳನ್ನು ದೂರ ದೂರ ನಿಲ್ಲಿಸಿ ಕೂರುವವರ ಕ್ರಮವನ್ನು ನೀವು ಹಾಗೆಯೇ ಅಲ್ಲಿನ ಅಳಿವೆಗೆ ಎತ್ತಿ ತಂದಿದ್ದೀರಿ. ಸೀತಾ, ಸುವರ್ಣಾ ಎರಡೂ ನದಿಗಳ ನೀರು ಒಂದೇ ಬಾಯಿಯಿಂದ ಕಡಲಿಗೆ ಇಳಿಯುವ ಜಾಗ ಅದು. ಇಳಿತದ ಹೊತ್ತಿನಲ್ಲಿ ಅಕ್ಕಪಕ್ಕ ಎಸೆದ ದಾರಗಳೆಲ್ಲ ಸೆಳೆತಕ್ಕೆ ಓರೆಯಾಗಿ ಒಂದರ ಮೇಲೊಂದು ಬೀಳುತ್ತವೆ.

ನಿಮಗೂ ಆದದ್ದು ಅದೇ. ಐದನೇ ಪುಟದ ಕೊನೆಯಲ್ಲಿ, ಅದೂ ಆವರಣದೊಳಗೆ, ಹೀಗೆ ಬರೆದಿದ್ದೀರಿ: ‘ಸಿಕ್ಕು ಬಿಡಿಸುವಷ್ಟರಲ್ಲಿ ಭರತ ಏರಿತು, ಕೊನೆಗೆ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದೆ.’ ಇಡೀ ಲೇಖನದಲ್ಲಿ ನಾನು ನಂಬಿದ ವಾಕ್ಯ ಇದೊಂದೇ. ಇದನ್ನು ಬಚ್ಚಿಟ್ಟದ್ದೇಕೆ?

ಇನ್ನು ಗಾಳದ ಸಂಖ್ಯೆ. ಆರು ಗಾಳ ತಪ್ಪು ಎಂದು ನಾನು ಹೇಳುತ್ತಿಲ್ಲ, ಯಾವ ಮೀನಿಗೆ ಎಂದು ಕೇಳುತ್ತಿದ್ದೇನೆ. ಬಂಗುಡೆ ಹಿಂಡಾಗಿ ಬರುವ ಮೀನು. ದೋಣಿಯಿಂದಲೋ, ದೋಣಿ ಕಟ್ಟುವ ಧಕ್ಕೆಯಿಂದಲೋ ಪುಕ್ಕ ಕಟ್ಟಿದ ಸಣ್ಣ ಗಾಳಗಳ ಸಾಲನ್ನು ಇಳಿಬಿಟ್ಟು ಮೇಲೆ ಕೆಳಗೆ ಆಡಿಸುತ್ತಿದ್ದರೆ ಒಂದು ಕಚ್ಚುತ್ತದೆ. ತಕ್ಷಣ ಎಳೆಯದೆ ಒಂದು ಕ್ಷಣ ತಡೆದರೆ ಇನ್ನೆರಡು ಬಂದು ಸಿಕ್ಕುತ್ತವೆ. ಅಲ್ಲಿ ಆರು ಗಾಳಕ್ಕೆ ಅರ್ಥವಿದೆ. ಕಾಣೆ ಮೀನು ಹಾಗಲ್ಲ. ಮರಳಿನ ತಳದಲ್ಲಿ ಮೇಯುವ, ಸಣ್ಣ ಬಾಯಿಯ ಮೀನು ಅದು. ಚಿಕ್ಕ ಗಾಳ ಒಂದು, ಹೆಚ್ಚೆಂದರೆ ಎರಡು, ತುದಿಗೆ ಉಗುರಿನಷ್ಟು ಸಿಗಡಿ ಚೂರು, ಇಷ್ಟು ಸಾಕು. ಆರು ಕಟ್ಟಿದಿರೋ, ಪ್ರತಿ ಚೂರೂ ಗಾಳಿಗೆ ತಡೆಯಾಗಿ ಎಸೆತ ಹತ್ತಿರದಲ್ಲೇ ಬೀಳುತ್ತದೆ, ಕಲ್ಲಿಗೆ ಸಿಕ್ಕಿಕೊಳ್ಳಲು ಆರು ಮೊನೆ ಸಿದ್ಧವಾಗುತ್ತವೆ. ‘ಐದು ಗಾಳ ಬರಿದಾಗಿ ಬಂದವು, ಏಡಿ ತಿಂದಿರಬೇಕು’ ಎಂದು ನೀವೇ ಬರೆದು, ಮುಂದಿನ ಪ್ಯಾರಾದಲ್ಲಿ ಮತ್ತೆ ಆರಕ್ಕೇ ಶಿಫಾರಸು ಮಾಡಿದ್ದೀರಿ! ಏಡಿಯ ಪರವಾಗಿ ಬರೆದ ಹಾಗಿದೆ.

ರಾಡ್ ಎರಡಾದರೆ ನನ್ನ ತಕರಾರಿಲ್ಲ. ಒಂದನ್ನು ಆನಿಸಿಟ್ಟು ಇನ್ನೊಂದನ್ನು ಕೈಯಲ್ಲಿ ಹಿಡಿಯಬಹುದು. ನನಗೆ ಅದೂ ಒಗ್ಗಲಿಲ್ಲ. ಆನಿಸಿಟ್ಟದ್ದರ ತುದಿ ಬಾಗುವುದು ಯಾವಾಗಲೂ ನಾನು ಕೈಯಲ್ಲಿರುವುದಕ್ಕೆ ಸಿಗಡಿ ಸಿಕ್ಕಿಸುತ್ತಿರುವಾಗಲೇ.

‘ಸಾಗರವೆಂಬುದು ಅನಂತ’ ಎಂಬ ಮೊದಲ ಪುಟವನ್ನು ತೆಗೆದುಹಾಕಿ. ದಾರ ಕಚ್ಚಿದ ಆ ಬೆಳಗಿನಿಂದಲೇ ಶುರುಮಾಡಿ. ಸಿಕ್ಕಿನಲ್ಲಿ ಪಕ್ಕದವರ ದಾರವೂ ಸೇರಿತ್ತು ಎನ್ನುತ್ತೀರಿ. ಅವರು ಏನೆಂದರು? ಬೈದಿದ್ದರೆ ಬೈದಂತೆಯೇ ಬರೆಯಿರಿ, ಅಚ್ಚಿಗೆ ಹೊಂದಿಸುವ ಕೆಲಸ ನಮಗಿರಲಿ. 800 ಪದ ಮೀರದಿರಲಿ.