ನಿಮ್ಮ ಲೇಖನ ವಾಪಸ್, ಪತ್ರ ನನ್ನ ಹತ್ತಿರವೇ ಇರಲಿ

ಡೊಂಬಿವಲಿಯ ಗೆಳೆಯರೇ, ನಮಸ್ಕಾರ.

ನೀವು ಕಳಿಸಿದ 'ವಿಧಾನ ಪರಿಷತ್ತು: ಒಂದು ಪಕ್ಷಿನೋಟ' ತಲುಪಿತು. ಸಂಜೆ ಮನೆಗೆ ಹೋಗುವಾಗ ಲೋಕಲ್‌ನಲ್ಲಿ ಓದಲು ಶುರು ಮಾಡಿದೆ. ದಾದರ್‌ನಲ್ಲಿ ಹಿಡಿದದ್ದು, ಘಾಟ್‌ಕೋಪರ್ ಬರುವಷ್ಟರಲ್ಲಿ ಆಕಳಿಕೆ ಬಂತು. ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಹೀಗೇ ಹಾಕಲು ಆಗುವುದಿಲ್ಲ.

ಪರಿಷತ್ತಿಗೆ, ಅಂದರೆ ರಾಜ್ಯದ ಮೇಲ್ಮನೆಗೆ, ಯಾರು ಎಷ್ಟು ಜನರನ್ನು ಕಳಿಸಬೇಕು ಎಂದು ಹೇಳುವ ಸಂವಿಧಾನದ 171ನೇ ವಿಧಿಯನ್ನು ಮೊದಲ ಎರಡು ಪುಟ ಹಾಗೇ ಸುರಿದಿದ್ದೀರಿ. ಮೂರನೇ ಒಂದು ಭಾಗ ಶಾಸಕರಿಂದ, ಮೂರನೇ ಒಂದು ಭಾಗ ಸ್ಥಳೀಯ ಸಂಸ್ಥೆಗಳಿಂದ, ಹನ್ನೆರಡನೇ ಒಂದು ಪದವೀಧರರಿಂದ, ಅಷ್ಟೇ ಶಿಕ್ಷಕರಿಂದ, ಉಳಿದದ್ದು ರಾಜ್ಯಪಾಲರ ನಾಮಕರಣ. ಭಿನ್ನರಾಶಿ ಕಲಿಯಲು ಯಾರೂ ಪತ್ರಿಕೆ ಕೊಳ್ಳುವುದಿಲ್ಲ, ಅಲ್ವಾ? ಅದೂ ಅಲ್ಲದೆ ಈ ಲೆಕ್ಕ ನಾವಿರುವ ರಾಜ್ಯಕ್ಕೇ ಸರಿಯಾಗಿ ಕೂಡುವುದಿಲ್ಲ. ಮಹಾರಾಷ್ಟ್ರದಲ್ಲಿ 78 ಸ್ಥಾನ. ಮೂರನೇ ಒಂದು ಅಂದರೆ 26 ಆಗಬೇಕು. ಇರುವುದು ಶಾಸಕರಿಂದ 30, ಸ್ಥಳೀಯ ಸಂಸ್ಥೆಗಳಿಂದ 22. ಪದವೀಧರರು 7, ಶಿಕ್ಷಕರು 7, ನಾಮಕರಣ 12. ಸಂವಿಧಾನ 'ಹತ್ತಿರ ಹತ್ತಿರ ಇಷ್ಟು' ಎಂದಿದೆಯೇ ಹೊರತು ತಕ್ಕಡಿಯಲ್ಲಿ ತೂಗಿ ಕೊಟ್ಟಿಲ್ಲ. ಊರಿನ ಕಡೆ, ಕರ್ನಾಟಕದ 75ರಲ್ಲಿ ಅದೇ ಕ್ರಮದಲ್ಲಿ 25, 25, 7, 7, 11. ಅಲ್ಲಿ ಪುಸ್ತಕದ ಲೆಕ್ಕಕ್ಕೂ ಸದನಕ್ಕೂ ಚೆನ್ನಾಗಿ ತಾಳೆಯಾಗುತ್ತದೆ. ಈ ವ್ಯತ್ಯಾಸವೇ ಒಂದು ಒಳ್ಳೆಯ ಪ್ಯಾರಾ ಆಗುತ್ತಿತ್ತು. ನೀವು ನೋಡದೆ ದಾಟಿಹೋಗಿದ್ದೀರಿ.

'ಚಿಂತಕರ ಚಾವಡಿ' ಐದು ಸಲ ಬಂದಿದೆ. ಚಾವಡಿಯಲ್ಲಿ ಯಾರು ಕೂತಿದ್ದಾರೆ ಅಂತ ಒಂದು ಸಲವೂ ಹೇಳಿಲ್ಲ. ರಾಜ್ಯಪಾಲರು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಯಿಂದ ಆರಿಸುತ್ತಾರೆ ಎಂದು ಬರೆದು ಕೈತೊಳೆದುಕೊಂಡಿದ್ದೀರಿ. ಇಲ್ಲಿ ಮಹಾರಾಷ್ಟ್ರದಲ್ಲಿ 2020ರಲ್ಲಿ ಖಾಲಿಯಾದ ಆ 12 ಕುರ್ಚಿಗಳು ನಾಲ್ಕು ವರ್ಷ ಖಾಲಿಯೇ ಇದ್ದವು. 2024ರ ಅಕ್ಟೋಬರ್‌ನಲ್ಲಿ 7 ಜನ ಪ್ರಮಾಣವಚನ ತಗೊಂಡರು. ಅಷ್ಟು ವರ್ಷ ಚಾವಡಿಯ ಆ ಮೂಲೆಯಲ್ಲಿ ಚಿಂತಿಸಲು ಯಾರೂ ಇರಲಿಲ್ಲ!

ತಪ್ಪುಗಳೂ ಇವೆ. 'ಆರು ವರ್ಷಕ್ಕೊಮ್ಮೆ ಪರಿಷತ್ತು ವಿಸರ್ಜನೆಯಾಗುತ್ತದೆ' ಅಂದಿದ್ದೀರಿ. ಆಗುವುದೇ ಇಲ್ಲ. ಸದಸ್ಯರ ಅವಧಿ ಆರು ವರ್ಷ; ಎರಡು ವರ್ಷಕ್ಕೊಮ್ಮೆ ಮೂರನೇ ಒಂದರಷ್ಟು ಜನ ನಿವೃತ್ತರಾಗುತ್ತಾರೆ, ಮನೆ ನಡೆಯುತ್ತಲೇ ಇರುತ್ತದೆ. ಎರಡು ಮನೆಗಳಿಗೆ ಜಗಳ ಬಂದರೆ ಜಂಟಿ ಅಧಿವೇಶನ ಎಂದೂ ಬರೆದಿದ್ದೀರಿ. ಅದು ದೆಹಲಿಯ ಕಥೆ. ರಾಜ್ಯದಲ್ಲಿ ಮೇಲ್ಮನೆ ಒಂದು ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಒಪ್ಪಿ ಕಳಿಸಿದರೆ ಇನ್ನೊಂದು ತಿಂಗಳು ತಡೆಯಬಹುದು. ಹಣಕಾಸು ಮಸೂದೆಯಾದರೆ 14 ದಿನ. ಆಮೇಲೆ ಕೆಳಮನೆ ಹೇಳಿದ್ದೇ ಆಗುತ್ತದೆ. 'ಪ್ರತಿ ರಾಜ್ಯದಲ್ಲೂ' ಎಂಬುದನ್ನು ನಾನೇ ಹೊಡೆದುಹಾಕಿದ್ದೇನೆ. ಮೇಲ್ಮನೆ ಇರುವುದು ಆರೇ ರಾಜ್ಯಗಳಲ್ಲಿ. ನಮ್ಮ ಪಕ್ಕದ ಗೋವಾದಲ್ಲಿ ಇಲ್ಲ. ಅಲ್ಲಿನ ಶಾಸಕರೇ 40. ಪರಿಷತ್ತು ಅಂತ ಮಾಡಿದರೆ ಅದಕ್ಕೂ ಕನಿಷ್ಠ 40 ಜನ ಬೇಕು. ಅಟ್ಟಕ್ಕೂ ಮನೆಯಷ್ಟೇ ಖರ್ಚು.

ಇನ್ನು ನಿಮ್ಮ ಪತ್ರಕ್ಕೆ ಬರುತ್ತೇನೆ. ಲೇಖನದ ಜೊತೆ ಪಿನ್ ಹಾಕಿದ್ದ ಆ ಅರ್ಧ ಹಾಳೆಯನ್ನು ನಾನು ಎರಡು ಸಲ ಓದಿದೆ. ಮಾಟುಂಗದ ಹೋಟೆಲಿನಲ್ಲಿ ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಬಿ.ಕಾಂ. ಮಾಡಿದ್ದು. 2024ರ ಜೂನ್ 26ರಂದು ಕೊಂಕಣ ಪದವೀಧರ ಕ್ಷೇತ್ರಕ್ಕೆ ಓಟು ಹಾಕಿದ್ದು. ನಿಮ್ಮ ಜೇಬಿನ ಪೆನ್ನು ಬೇಡ ಅಂತ ಅಧಿಕಾರಿ ನೇರಳೆ ಸ್ಕೆಚ್ ಪೆನ್ನು ಕೈಗೆ ಕೊಟ್ಟದ್ದು. ಅಭ್ಯರ್ಥಿಗಳ ಹೆಸರಿನ ಮುಂದೆ ಇಷ್ಟದ ಕ್ರಮದಲ್ಲಿ ಅಂಕಿ ಬರೆಯುವ ಈ ಓಟಿನಲ್ಲಿ, ಮೊದಲ ಪ್ರಾಶಸ್ತ್ಯಕ್ಕೆ ಕನ್ನಡದ ೧ ಬರೆಯೋಣ ಅನ್ನಿಸಿ, ಮತ ಕೆಟ್ಟುಹೋದರೆ ಅಂತ ಹೆದರಿ 1 ಬರೆದದ್ದು.

ಹೆದರಬೇಕಿರಲಿಲ್ಲ ಮಾರಾಯ್ರೇ! ಅಂಕಿಯನ್ನು ಭಾರತೀಯ ಭಾಷೆಯ ರೂಪದಲ್ಲಿ ಬರೆಯಲು ನಿಯಮದಲ್ಲೇ ಅವಕಾಶ ಇದೆ. 'ಒಂದು' ಎಂದು ಅಕ್ಷರದಲ್ಲಿ ಬರೆದರೆ ಮಾತ್ರ ನಡೆಯುವುದಿಲ್ಲ. ಇಡೀ ಲೇಖನದಲ್ಲಿ ನನ್ನನ್ನು ಎದ್ದು ಕೂರಿಸುವ ಒಂದು ಸಾಲೂ ಇರಲಿಲ್ಲ. ಈ ೧ ಎದ್ದು ಕೂರಿಸಿತು.

ಅದಕ್ಕಿಂತ ದೊಡ್ಡದನ್ನು ಕೊನೆಯ ಎರಡು ಸಾಲಿನಲ್ಲಿ ತುರುಕಿದ್ದೀರಿ. ನಿಮ್ಮ ಮನೆಯವರು ಪಾಲಿಕೆಯ ಕನ್ನಡ ಪ್ರಾಥಮಿಕ ಶಾಲೆಯಲ್ಲಿ 22 ವರ್ಷದಿಂದ ಟೀಚರ್. ಪಿಯುಸಿ ಆದಮೇಲೆ ಡಿ.ಎಡ್. ಮಾಡಿದವರು. ಶಿಕ್ಷಕರ ಕ್ಷೇತ್ರದ ಓಟು ಹೈಸ್ಕೂಲು ಮತ್ತು ಅದರ ಮೇಲಿನವರಿಗೆ. ಪ್ರಾಥಮಿಕ ಶಾಲೆಯವರಿಗೆ ಇಲ್ಲ. ಪದವಿ ಇಲ್ಲದ್ದರಿಂದ ಪದವೀಧರ ಕ್ಷೇತ್ರದ ಓಟೂ ಇಲ್ಲ. ಲೆಡ್ಜರ್ ಬರೆಯುವ ನಿಮಗೆ ಓಟು ಇದೆ, ಅ ಆ ಇ ಈ ಕಲಿಸುವ ಅವರಿಗೆ ಇಲ್ಲ. 'ಬೂತಿನಿಂದ ಬಂದಾಗ ಅವಳು ಚಹಾ ಕೊಟ್ಟು, ಹೇಗಿತ್ತು ನಿಮ್ಮ ವಿದ್ಯಾವಂತರ ಕ್ಯೂ ಅಂದಳು' ಎಂದು ಬರೆದಿದ್ದೀರಲ್ಲ, ಲೇಖನ ಅಲ್ಲಿಂದ ಶುರುವಾಗಲಿ. ಮೇಲ್ಮನೆಗೆ ಯಾರು ಯಾರನ್ನು ಕಳಿಸುತ್ತಾರೆ, ಯಾರಿಗೆ ಬಾಗಿಲು ಇಲ್ಲ ಎಂಬುದಷ್ಟೇ ನಿಮ್ಮ ವಿಷಯ. 171ನೇ ವಿಧಿ ಬೇಕಾದಲ್ಲಿ ತಾನಾಗಿ ಬರುತ್ತದೆ.

ಉದ್ಧವ್ ಠಾಕ್ರೆ ಯಾವ ಮನೆಯ ಸದಸ್ಯರೂ ಆಗದೆ 2019ರ ನವೆಂಬರ್‌ನಲ್ಲಿ ಮುಖ್ಯಮಂತ್ರಿಯಾಗಿ, ಆರು ತಿಂಗಳ ಗಡುವು ಮುಗಿಯುವ ಮೊದಲು 2020ರ ಮೇನಲ್ಲಿ ಪರಿಷತ್ತಿಗೆ ಅವಿರೋಧವಾಗಿ ಬಂದ ಪ್ರಸಂಗ ಇರಲಿ. ಆದರೆ ನಾಲ್ಕು ಸಾಲು ಸಾಕು. ನೀವು ಒಂದೂವರೆ ಪುಟ ಎಳೆದಿದ್ದೀರಿ, ಅದೂ ಭಾಷಣದ ಧಾಟಿಯಲ್ಲಿ. ಮೈಸೂರಿನ 1907ರ ಶಾಸನ ಪರಿಷತ್ತಿನ ಭಾಗ ಸದ್ಯ ಬೇಡ, ಎತ್ತಿಟ್ಟುಕೊಳ್ಳಿ.

800 ಪದ ಮೀರಬಾರದು. ಮನೆಯವರ ಹೆಸರು ಹಾಕುವ ಮೊದಲು ಅವರನ್ನು ಕೇಳಿ; ಬೇಡ ಅಂದರೆ 'ನಮ್ಮ ಟೀಚರ್' ಅಂತ ಬರೆದರೂ ನಡೆಯುತ್ತದೆ. ಮತದಾರರ ಪಟ್ಟಿಗೆ ನೀವು ತುಂಬಿದ ಫಾರಂ 18ರ ಝೆರಾಕ್ಸ್ ಮನೆಯಲ್ಲಿದ್ದರೆ ಅದನ್ನೂ ಕಳಿಸಿ. ಪದವಿ ಪ್ರಮಾಣಪತ್ರ ಹುಡುಕಲು ಎಷ್ಟು ಟ್ರಂಕು ತೆಗೆಸಿದಿರಿ ಅಂತಲೂ ಬರೆಯಿರಿ.