ಬಾಲ ಸೊಟ್ಟಾದರೆ ಮೂಗಿಗೆ ಮದ್ದೇ?

ನಮಸ್ಕಾರ. ಧಾರವಾಡದಿಂದ ನೀವು ಕಳಿಸಿದ ಮಾಡೆಲ್ ವಿಮಾನದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರಾಗಬೇಡಿ, ಒಳಗೆ ಒಳ್ಳೆಯ ಸರಕಿದೆ.

ಮೊದಲ ಒಂದೂವರೆ ಪುಟ ರೈಟ್ ಸಹೋದರರು, 1903, ಮನುಷ್ಯನ ಹಾರುವ ಕನಸು. ಅಷ್ಟನ್ನೂ ತೆಗೆಯಿರಿ. ನಿಮ್ಮ ಕಥೆ ಶುರುವಾಗುವುದು ಅದಾದ ಮೇಲೆ: ಶ್ರಾವಣದ ಜಿಟಿಜಿಟಿ ಮಳೆ, ವಾರಗಟ್ಟಲೆ ಬಿಸಿಲಿಲ್ಲ, ಗೋಡೆಗೆ ಒರಗಿಸಿಟ್ಟ ಬಾಲ್ಸಾ ಅನ್ನುವ ಹಗುರ ಕಟ್ಟಿಗೆಯ ಬಾಲ ತೇವ ಕುಡಿದು ಬಾಗಿತು. ಆ ಮಳೆ ಗೊತ್ತಿಲ್ಲದ ಧಾರವಾಡದವರು ಯಾರಿದ್ದಾರೆ?

ಈಗ ತಪ್ಪಿಗೆ ಬರೋಣ. ಬಾಲದ ಅಡ್ಡರೆಕ್ಕೆಯ ಹಿಂದಿನ ಅಂಚು ಮೇಲಕ್ಕೆ ಬಾಗಿತ್ತು, ಅದಕ್ಕೇ ಮೂಗು ಕೆಳಗಾಯಿತು ಎಂದಿದ್ದೀರಿ. ಉಲ್ಟಾ ಆಯ್ತಲ್ವಾ? ಅಂಚು ಮೇಲಕ್ಕೆ ಬಾಗಿದರೆ ಗಾಳಿ ಬಾಲವನ್ನು ಕೆಳಗೆ ಒತ್ತುತ್ತದೆ, ಮೂಗು ಮೇಲೇಳುತ್ತದೆ. ವಿಮಾನ ಏರುತ್ತಾ ಏರುತ್ತಾ ವೇಗ ಕಳೆದುಕೊಂಡು ಆಮೇಲೆ ಮುಗ್ಗರಿಸುತ್ತದೆ. ನೀವು ಬರೆದದ್ದು ಆ ಕೊನೆಯ ಮುಗ್ಗರಿಕೆಯನ್ನು ಮಾತ್ರ. ಬಾಲದ ಎಡ, ಬಲ ಬೇರೆ ಬೇರೆ ಕಡೆ ತಿರುಚಿದ್ದರೆ ವಿಮಾನ ಒಂದು ಮಗ್ಗುಲಿಗೆ ವಾಲುತ್ತದೆ ಅಂದದ್ದು ಸರಿ, ಅದು ಇರಲಿ.

ತೂಕಕ್ಕೆ ಮೂಗಿಗೆ ಕ್ಲೇ ಮೆತ್ತಿದೆ, ಟ್ರಿಮ್ (ಹಾರುವಾಗಿನ ಸಮತೋಲ) ಸರಿಯಾಯಿತು ಅನ್ನುವುದನ್ನು ನಾನು ಒಪ್ಪಲಾರೆ. ಕೈಯಿಂದ ಮೆಲ್ಲಗೆ ಬಿಟ್ಟಾಗ ಸರಿ ಕಂಡಿರುತ್ತದೆ. ಕ್ಲೇ ತೂಕ ಯಾವಾಗಲೂ ಅಷ್ಟೇ. ಸೊಟ್ಟ ಬಾಲದ ಒತ್ತು ಹಾಗಲ್ಲ, ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ. ಪಂಖ ತಿರುಗಿಸುವ ರಬ್ಬರ್ ಪೂರ್ತಿ ಸುತ್ತಿ ಜೋರಾಗಿ ಹಾರಲು ಬಿಟ್ಟ ದಿನ ವಿಮಾನ ಸೀದಾ ಮೇಲೆದ್ದು ಬೆನ್ನಡಿಯಾಗಿ ಬಿದ್ದದ್ದು ಸುಮ್ನೆ ಅಲ್ಲ. ಲೇಖನದ ಜೀವವೇ ಆ ಘಟನೆ, ನೀವೋ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ! ಅದಕ್ಕೆ ಒಂದು ಪುಟ ಕೊಡಿ.

‘ನಾಯಿ ಬಾಲ ಡೊಂಕು’ ಗಾದೆ ಮೂರು ಕಡೆ ಬಂದಿದೆ. ಒಂದೂ ಬೇಡ. ಬಾಲ್ಸಾ ನಾಯಿ ಬಾಲವಲ್ಲ ರೀ. ಹಬೆಗೆ ಹಿಡಿದು, ವಿರುದ್ಧ ದಿಕ್ಕಿಗೆ ತುಸು ಜಾಸ್ತಿಯೇ ಬಾಗಿಸಿ, ಆರುವ ತನಕ ಹಿಡಿದಿಟ್ಟರೆ ನೆಟ್ಟಗಾಗುತ್ತದೆ. ಕೊನೆಗೆ ನೀವೂ ಅದನ್ನೇ ಮಾಡಿದ್ದೀರಿ. ಒಲೆ ಮುಂದೆ ಅವ್ವ “ಚಾದ ನೀರೆಲ್ಲಾ ಹಾರಿಸಿಬಿಟ್ಟಿಯಲ್ಲೋ” ಅಂತ ಬೈದದ್ದನ್ನು ಅಡಿಟಿಪ್ಪಣಿಗೆ ಯಾಕೆ ತಳ್ಳಿದಿರಿ? ಮೇಲೆ ತನ್ನಿ.

ಫೋಟೋ ಕೂಡ ಬದಲಿಸಿ. ಪಕ್ಕದಿಂದ ತೆಗೆದದ್ದರಲ್ಲಿ ಸೊಟ್ಟ ಕಾಣುವುದೇ ಇಲ್ಲ. ಬಾಲದ ಹಿಂದೆ, ಕಣ್ಣಿನ ಮಟ್ಟಕ್ಕೆ ಹಿಡಿದು ಇನ್ನೊಂದು ತೆಗೆದು ಕಳಿಸಿ.